ಜಲಜಕ್ಕ ಕೇಳಲೊಪ್ಪದ ಸುದ್ದಿ

ಫೋನು ಮಾಡಿದವರು ಯಾವುದಾದರೂ ಮಗುವಿನ ತಾಯಿಯಾದರೆ ಜಲಜಕ್ಕ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಆ ಹೆಂಗಸು ಬೈಂದೂರಿನಾಚೆ ಯಾವುದೋ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರೂ ಇವರಿಗೆ ಆಕೆ ಬಾಗಿಲಿಗೇ ಬಂದ ಹಾಗೆ. “ಹ್ವಾಯ್, ಹೇಳಿ, ನಾ ಕೇಂತಾ ಇದ್ದೆ” ಎಂದು ಮಾತು ಮುಗಿಯುವವರೆಗೂ ನಿಂತೇ ಇರುತ್ತಿದ್ದರು. ಅದೇ ದೊಡ್ಡ ಅಧಿಕಾರಿಗಳ ಫೋನು ಬಂದರೆ ಕೂತಲ್ಲಿಂದ ಅಲ್ಲಾಡುತ್ತಿರಲಿಲ್ಲ. ಕೆಲವೊಮ್ಮೆ ಕಾಲು ಚಾಚಿ ಇನ್ನಷ್ಟು ಆರಾಮಾಗಿ ಕೂರುತ್ತಿದ್ದರು.

ಕೆಲಸಕ್ಕೆ ಸೇರಿದ ಎರಡನೇ ದಿನವೇ ನಾನು ಇದನ್ನು ಅಣಕಿಸಿ ತೋರಿಸಿದೆ. ಸಮಾಜಕಾರ್ಯದಲ್ಲಿ ಪದವಿ ಇದೆ ಎಂದು ನನ್ನನ್ನು ತೆಗೆದುಕೊಂಡಿದ್ದರು, ಪಾಪ. ನನ್ನ ನಿಜವಾದ ಅರ್ಹತೆ ಅಣಕ. ನಮ್ಮ ತಂಡದ ಮನೋವೈದ್ಯರು “ಸೋ...” ಎಂದು ಶುರು ಮಾಡಿದರೆ ಆ ‘ಸೋ’ ಬ್ರಹ್ಮಾವರದಲ್ಲಿ ಹೊರಟು ಕುಂದಾಪುರ ತಲುಪುವಷ್ಟು ಉದ್ದ. ಆಪ್ತಸಮಾಲೋಚಕಿ ಪ್ರಮೀಳಾ ಮೇಡಂ ಎಲ್ಲದಕ್ಕೂ ತಲೆಯಾಡಿಸಿ ಆಡಿಸಿ ಸಂಜೆಗೆ ಕತ್ತಿಗೆ ಮುಲಾಮು ಹಚ್ಚಿಕೊಳ್ಳುವವರು. ಇನ್ನು ನನ್ನದೇ ನಗು ಬಾವಿಯ ಕಟ್ಟೆಗೆ ಕೊಡಪಾನ ಬಡಿದ ಸದ್ದಿನ ಹಾಗೆ, ಅದನ್ನೂ ಬಿಟ್ಟವನಲ್ಲ. ಎಲ್ಲರೂ ನಗುತ್ತಿದ್ದಾಗ ಜಲಜಕ್ಕ ಬಾಗಿಲಲ್ಲಿ ನಿಂತು ನೋಡಿ ಹೇಳಿದ್ದು ಇಷ್ಟೇ: “ಎಡಗೈ ಅಲ್ಲ ಮರಾಯ. ಸೆರಗ್ ಸಮ ಮಾಡುದ್ ನಾನ್ ಬಲಗೈಯಗೆ. ಸಮಾ ಕಂಡ್ಕೊ ಮೊದಲ್.”

ಇಪ್ಪತ್ತೈದು ವರ್ಷ ದಾದಿಯಾಗಿ ಮನೆಮನೆ ತಿರುಗಿ, ಆಮೇಲೆ ನಮ್ಮ ಸಂಸ್ಥೆಗೆ ಬಂದವರು ಅವರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಿಗೆ ಸಂಯೋಜಕಿ. ಮನಸ್ಸು ನೊಂದು ಜೀವಕ್ಕೇ ಅಪಾಯವಿದ್ದ ಮಕ್ಕಳಿಗೂ ಅವರ ಮನೆಯವರಿಗೂ ಡಾಕ್ಟರು, ಸಮಾಲೋಚಕಿ, ಶಾಲೆಯ ಟೀಚರು, ಆಶಾ ಕಾರ್ಯಕರ್ತೆ, ಮನೆಭೇಟಿ ಮಾಡುವ ನನ್ನಂಥವರು ಒಬ್ಬರ ಕಾಲು ಒಬ್ಬರು ತುಳಿಯದ ಹಾಗೆ ಸಿಗಬೇಕು. ಆ ವ್ಯವಸ್ಥೆ ಅವರ ತಲೆಯಲ್ಲಿತ್ತು. “ಒಂದ್ ಮನಿಗ್ ವಾರದಗೆ ಐದ್ ಜನ ಹೋಯಿ ಒಂದೇ ಪ್ರಶ್ನಿ ಕೇಂಡ್ರೆ ಅದ್ ಸಹಾಯ ಅಲ್ಲ, ಪೊಲೀಸ್ ವಿಚಾರಣಿ” ಎನ್ನುತ್ತಿದ್ದರು. ಯಾರು ಹೋಗಬೇಕು, ಏನು ಕೇಳಬೇಕು, ಯಾವುದನ್ನು ಕೇಳಲೇಬಾರದು ಎಲ್ಲ ಗುರುವಾರದ ಸಭೆಯಲ್ಲಿ ತೀರ್ಮಾನ.

ಸಭೆಗೆ ಮುಂಚೆ ಅವರು ಕಿಟಕಿಗಳನ್ನು ಮುಚ್ಚಿಸುತ್ತಿದ್ದರು. ಮೇ ತಿಂಗಳಲ್ಲೂ. ಒಮ್ಮೆ ಕರೆಂಟು ಹೋಗಿ ಡಾಕ್ಟರು ಬೆಂದುಹೋದರು.

“ಸೋ... ಜಲಜಮ್ಮ, ಒಂದು ಕಿಟಕಿಯಾದರೂ...”

“ಬೆವ್ರ್ ಒರ್ಸ್ಕಣಿ ಡಾಕ್ಟ್ರೆ. ಮಾತ್ ಹೊರಗ್ ಹೋದ್ರೆ ಒರ್ಸುಕಾತಿಲ್ಲೆ.”

ಅಂಥ ಕೋಣೆಯಿಂದ ಮಾತನ್ನು ಹೊರಗೆ ಒಯ್ದವನು ನಾನು.

ಗಿರಿಜಕ್ಕ ಎನ್ನೋಣ. ಮಗಳಿಗೆ ಸೌಮ್ಯ ಎನ್ನೋಣ. ಮನೆ ಎಲ್ಲಿ ಎಂದು ಹೇಳುವುದಿಲ್ಲ. ಇಷ್ಟನ್ನೂ ಗಿರಿಜಕ್ಕನಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಹೊರಗೆ ಕೊಟ್ಟದ್ದು. ಗಿರಿಜಕ್ಕ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗಂಡ ತೀರಿಕೊಂಡ ಮೇಲೆ, ಎಂಟನೇ ತರಗತಿಯಲ್ಲಿದ್ದ ಸೌಮ್ಯ ಮಾತು ಕಡಿಮೆ ಮಾಡಿದಳು, ಊಟ ಕಡಿಮೆ ಮಾಡಿದಳು, ಒಂದು ದಿನ ಚೀಲವನ್ನು ಶಾಲೆಯಲ್ಲೇ ಬಿಟ್ಟು ಹೊಳೆಯ ಕಡೆ ನಡೆದಳು. ಯಾರೋ ಪುಣ್ಯಾತ್ಮರು ಕೈಹಿಡಿದು ಕರೆತಂದರು. ಆಗಿನಿಂದ ಆ ಮನೆ ನಮ್ಮ ತಂಡದ್ದು.

ಪ್ರಮೀಳಾ ಮೇಡಂ ಜೊತೆ ಮನೆಭೇಟಿಗೆ ಹೋದಾಗ ಕೇಳಿದ ಗಿರಿಜಕ್ಕನ ಮಾತಿಗೆ ಒಂದು ನಡೆ ಇತ್ತು. ಜೋರಾಗಿ ಶುರುವಾಗಿ, ಇಳಿದು ಇಳಿದು, ಕೊನೆಗೆ ಬರೀ ಉಸಿರು. ಅದರ ಬಾಲಕ್ಕೆ ಒಂದು ಪ್ರಶ್ನೆ. “ಮೇಡಂ, ಗುಳ್ಗಿ ಕೊಟ್ರೆ ಶಾಲಿಯಗೆ ಒರ್ಗತ್ತ್, ಕೊಡ್ದಿರೆ ಮನಿಯಗೆ ಊಟ ಬಿಡತ್ತ್... ನಾ ಹೇಳದ್ ತಪ್ಪಾಯ್ತಾ ಮೇಡಂ?” ನನ್ನ ಕಿವಿಗೆ ಅದು ಹೋಳಿಗೆ ಸಿಕ್ಕಿದ ಹಾಗೆ. ಒಂದು ಸಂಜೆ ಬಸ್ಸಿನ ಹಿಂದಿನ ಸೀಟಿನಲ್ಲಿ ಗೆಳೆಯರು ಪುಸಲಾಯಿಸಿದಾಗ ಡಾಕ್ಟರನ್ನು ಮಾಡಿದೆ, ಪ್ರಮೀಳಾ ಮೇಡಮ್ಮನ್ನು ಮಾಡಿದೆ, ಮತ್ತೆ ಇದನ್ನೂ ಮಾಡಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಎರಡು ಸೀಟು ಮುಂದೆ ಬುತ್ತಿಚೀಲ ಹಿಡಿದು ಕೂತ ಹೆಂಗಸು ಹೊರಳಿ, “ಇದ್ ನಮ್ ಗಿರಿಜನ್ ಸ್ವರ ಅಲ್ದಾ?” ಎಂದಳು. ನಾನು, ಮಂಗ, ಬಹುಮಾನ ಬಂತೆಂದು ತಲೆ ಬಾಗಿಸಿದೆ.

ಮರುದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಾಯಿತು, ಗಿರಿಜನ ಮಗಳಿಗೆ ‘ತಲೆ ಗುಳಿಗೆ’ ಎಂದು. ಗಿರಿಜಕ್ಕ ಫೋನು ಎತ್ತುವುದನ್ನು ಬಿಟ್ಟರು. ಸೌಮ್ಯ ಶಾಲೆಗೆ ಬರುತ್ತಿಲ್ಲ ಎಂದು ಟೀಚರು ತಿಳಿಸಿದರು. ಗುಳಿಗೆ ಮುಗಿದು ನಾಲ್ಕು ದಿನವಾಗಿತ್ತು. ಹೊಳೆ ಮಾತ್ರ ಇದ್ದಲ್ಲೇ ಇತ್ತು. ನಮ್ಮೆಲ್ಲರ ತಲೆಯಲ್ಲೂ ಅದೇ ಹರಿಯುತ್ತಿತ್ತು.

ಗುರುವಾರ, ಕಿಟಕಿ ಮುಚ್ಚಿದ ಮೇಲೆ, ಆಶಾ ಕಾರ್ಯಕರ್ತೆ ಹೇಳಿದಳು: ಗುಟ್ಟು ಬಸ್ಸಿನಲ್ಲಿ ಬಂತಂತೆ. ಜಲಜಕ್ಕ ಎಲ್ಲರ ಮುಖ ನೋಡಿದರು. “ಯಾರಾರೂ ಅವ್ಳ್ ಹೆಸ್ರ್ ಹೊರಗೆ ಹೇಳಿದ್ರ್ಯಾ?” ಎಲ್ಲರೂ ಇಲ್ಲವೆಂದರು. ನಾನು ಎಲ್ಲರಿಗಿಂತ ಗಟ್ಟಿಯಾಗಿ ಇಲ್ಲವೆಂದೆ. ಸುಳ್ಳಲ್ಲವಲ್ಲ!

ಎಲ್ಲರೂ ಹೋದ ಮೇಲೆ ಹೊಟ್ಟೆಯಲ್ಲಿ ಉಳಿಯಲಿಲ್ಲ. ಬಸ್ಸಿನ ಕತೆ ಹೇಳಿದೆ. “ಆದರೆ ಹೆಸರು ಹೇಳಲಿಲ್ಲ ಅಕ್ಕ” ಎಂದೆ.

ಅವರು ಮೇಜಿನ ಮೇಲಿನ ಕಡತ ಮುಚ್ಚಿದರು. “ಹೆಸ್ರ್ ಹೇಳಿದ್ರೆ, ಅದ್ ಬ್ಯಾರೆ ಗಿರಿಜ ಅಂತ ಹೇಳ್ಲಕ್ಕಿತ್ತ್. ನೀ ಅವ್ಳ್ ಸ್ವರವನ್ನೇ ಕೊಟ್ಬಿಟ್ಯಲ್ಲ ಮರಾಯ. ಆ ಸ್ವರ ಇನ್ನೊಬ್ರಿಗ್ ಇತ್ತಾ?”

ಕೆಲಸ ಬಿಡುತ್ತೇನೆ ಎಂದೆ. ನಿಜವಾಗಿಯೂ ಅಳು ಬಂದಿತ್ತು.

“ನೀ ಕೆಲ್ಸ ಬಿಟ್ರೆ ಆ ಹೆಣ್ ಗುಳ್ಗಿ ತಿಂತಾ? ನಾಳೆ ಬೆಳಿಗ್ಗೆ ಎಂಟ್ ಗಂಟಿಗ್ ಬಾ.”

ಮರುದಿನ ಗಿರಿಜಕ್ಕನ ಮನೆಯ ದಾರಿಯಲ್ಲಿ ಒಂದೇ ಒಂದು ಸೂಚನೆ ಕೊಟ್ಟರು: “ಕಾರಣ ಹೇಳುಕಾಗ. ಗೆಳೆಯ, ಬಸ್ಸು, ತಮಾಷಿ, ಎಂತದೂ ಬೇಡ. ತಪ್ಪಾಯ್ತ್ ಅನ್ನ್. ಮತ್ತೆ ಬಾಯಿ ಮುಚ್ಚ್.” ಅಂಗಳ ತಲುಪಿದಾಗ ನನ್ನನ್ನು ಮುಂದೆ ದೂಡುತ್ತಾರೆಂದುಕೊಂಡಿದ್ದೆ. ಅವರೇ ಮುಂದೆ ಹೋಗಿ, ಅರ್ಧ ತೆರೆದ ಬಾಗಿಲಿನೆದುರು ನಿಂತು, “ಗಿರಿಜ, ನಮ್ಮಿಂದ ತಪ್ಪಾಯ್ತ್” ಎಂದರು. ಇವನಿಂದ ಎನ್ನಲಿಲ್ಲ.

ನಾನೂ ಹೇಳಿದೆ. ಯಾರದೋ ಸ್ವರದ ಹಾಗೆ ಕೇಳಿಸಿತು. ನೋಡಿದರೆ ಅದು ನನ್ನದೇ.

ಗಿರಿಜಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬಸ್ಸಗೆ ಎಲ್ರಿಗೂ ಕೇಣ್ಸಿದ್ರಲೆ. ನಂಗೊಬ್ಳಿಗೇ ಕೇಂಡಿಲ್ಲೆ. ಮಾಡಿ ಈಗ. ನನ್ನೆದ್ರಿಗೇ ಮಾಡಿ.”

ಜಲಜಕ್ಕನನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು; ಬಿಡಿಸುವ ಲಕ್ಷಣವಿರಲಿಲ್ಲ. ಮಾಡಿದೆ. “ಮೇಡಂ, ಗುಳ್ಗಿ ಕೊಟ್ರೆ...” ಎಂದು ಜೋರಾಗಿ ಶುರು ಮಾಡಿ, ಇಳಿಸಿ, ಉಸಿರಿಗೆ ತಂದು, “ತಪ್ಪಾಯ್ತಾ ಮೇಡಂ?” ಎನ್ನುವಲ್ಲಿ ನಿಲ್ಲಿಸಿದೆ. ಬಸ್ಸಿನಲ್ಲಿ ಅಷ್ಟು ನಗು ತಂದ ಮಾತು ಆ ಅಂಗಳದಲ್ಲಿ ಬರೀ ಹೆದರಿಕೆಯಾಗಿ ಕೇಳಿಸಿತು. ಗಿರಿಜಕ್ಕನ ಮುಖ ಸಣ್ಣದಾಯಿತು.

ಬಾಗಿಲ ಹಿಂದಿನಿಂದ ಸೌಮ್ಯಳ ಸ್ವರ ಬಂತು. “ಅಮ್ಮ ಹಾಂಗ್ ಮಾತಾಡುದಿಲ್ಲೆ.”

ಗಿರಿಜಕ್ಕ ಹೊರಳಿ ಬಾಗಿಲ ಕಡೆ ನೋಡಿದರು.

“ನಿಮ್ಮೆದ್ರಿಗ್ ಮಾತ್ರ ಹಾಂಗ್ ಮಾತಾಡ್ತ್ರ್” ಎಂದಳು.

ಜಲಜಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತರು. “ಹಾಂಗಾರೆ ಮನಿಯಗೆ ಹ್ಯಾಂಗ್ ಮಾತಾಡ್ತ್ರ್ ಮಗಾ?”

“ಮನಿಯಗೆ ಬೈತ್ರ್.”

“ಚಂದ ಬೈತ್ರ್ಯಾ?”

“ಹೂಂ. ಕೋಳಿಗೂ ಬೈತ್ರ್.”

ಗಿರಿಜಕ್ಕನಿಗೆ ನಗು ಬಂದು, ಅದನ್ನು ಸೆರಗಿನಲ್ಲಿ ಅದುಮಿದರು. ಆದರೆ ನನ್ನನ್ನು ಕ್ಷಮಿಸಲಿಲ್ಲ. “ಈ ಜನ ಇನ್ ನಮ್ಮನಿಗ್ ಬಪ್ಪುದ್ ಬೇಡ” ಎಂದು ನನ್ನತ್ತ ಬೆರಳು ತೋರಿದರು. “ಬಪ್ಪುದಿಲ್ಲೆ” ಎಂದು ಜಲಜಕ್ಕ ತಕ್ಷಣ ಒಪ್ಪಿದರು. ಚೀಲದಿಂದ ಗುಳಿಗೆಯ ಪೊಟ್ಟಣ ತೆಗೆದುಕೊಟ್ಟು, “ಆರೆ ನೀವ್ ಗುರುವಾರ ಬನಿ. ನಿಮ್ ಮನಿ ಸುದ್ದಿ ಮಾತಾಡುವಾಗ ಇನ್ನ್ ನೀವೇ ಇರ್ಕ್. ಬೈಯೂದಾರೆ ಅಲ್ಲೇ ಬೈಲಕ್ಕ್” ಎಂದರು.

ಗಿರಿಜಕ್ಕ ಬಂದರು. ಮೊದಲ ಗುರುವಾರವೇ ಡಾಕ್ಟರಿಗೆ ಬೈದರು: ಬೆಳಿಗ್ಗೆ ಗುಳಿಗೆ ಕೊಟ್ಟು ಮಗು ಶಾಲೆಯಲ್ಲಿ ತೂಕಡಿಸಿದರೆ ಅದಕ್ಕೆ ಯಾರು ಹೊಣೆ ಎಂದು. ಡಾಕ್ಟರು ‘ಸೋ’ ಎನ್ನಲೂ ಮರೆತು ಗುಳಿಗೆಯನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಿದರು. ತೂಕಡಿಕೆ ನಿಂತಿತು. ಇಷ್ಟು ದಿನ ಇದನ್ನೇ ಆಕೆ ಹೆದರಿ ಹೆದರಿ ಹೇಳುತ್ತಿದ್ದದ್ದು. ನಾವು ರಾಗ ಕೇಳಿದೆವು, ಅರ್ಥ ಕೇಳಲಿಲ್ಲ. ಆಮೇಲೆ ಉಳಿದ ಮನೆಯವರನ್ನೂ ಜಲಜಕ್ಕ ಸಭೆಗೆ ಕರೆಯತೊಡಗಿದರು. ಕುರ್ಚಿ ಸಾಲದೆ ನಾನು ನೆಲಕ್ಕೆ ಬಂದೆ.

ಎರಡು ವರ್ಷದ ನಂತರ ಅವರು ಕೆಲಸ ಬಿಟ್ಟು ಬ್ರಹ್ಮಾವರದ ಹತ್ತಿರ ತಂಗಿಯ ಮನೆಯಲ್ಲಿ ಉಳಿದರು. ಎದೆಯ ತೊಂದರೆಯಿತ್ತು. ಆ ಬೇಸಿಗೆಯಲ್ಲೇ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಸೌಮ್ಯ ಪಾಸು, ಪಿಯುಸಿಗೆ ಸೇರುತ್ತಾಳೆಂದು ಟೀಚರು ಫೋನು ಮಾಡಿದರು. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಜಲಜಕ್ಕ ಜಗಲಿಯಲ್ಲಿ ಹಲಸಿನ ಹಪ್ಪಳ ಒಣಗಿಸಿಕೊಂಡು ಕೂತಿದ್ದರು.

“ಅಕ್ಕ, ಒಂದು ಸುದ್ದಿ!”

“ಯಾರ್ ಮನಿದ್?”

“ಅದೇ, ನಮ್ಮ...”

ಕೈಯೆತ್ತಿದರು. “ಹೇಳ್ಬೇಡ. ನಾನೀಗ ತಂಡದಗಿಲ್ಲೆ.”

“ಒಳ್ಳೇ ಸುದ್ದಿ ಅಕ್ಕ!”

“ಒಳ್ಳೇದ್ ಅಂತ್ಲೂ ಹೇಳುಕಾಗ. ಬಾಯಿ ಮುಚ್ಚಿದ್ರೆ ಸಾಲ, ಹಲ್ಲೂ ಮುಚ್ಚ್ಕೊ. ಎಲ್ಲಾ ಕಾಂತಿತ್ತ್.”

ನಗು ಕಾಣದ ಹಾಗೆ ಹಲ್ಲು ಮುಚ್ಚಿಕೊಳ್ಳಲು ಬಹಳ ಕಷ್ಟಪಟ್ಟೆ. ಅವರು ಹಪ್ಪಳ ಸುಟ್ಟು ತಂದರು. ನನ್ನ ಮದುವೆಯ ವಿಚಾರ ಕೇಳಿ ಗೋಳು ಹೊಯ್ದುಕೊಂಡರು. ಹೊರಡುವಾಗ ಮನಸ್ಸಿಗೆ ನಿಜವಾಗಿಯೂ ಪಿಚ್ಚೆನಿಸಿತು. ಇಷ್ಟು ದೊಡ್ಡ ಸಂತೋಷವನ್ನು, ಅದು ಯಾರಿಗೆ ಸಲ್ಲಬೇಕೋ ಅವರಿಗೇ ಕೊಡಲಾಗದೆ ವಾಪಸು ತಂದೆನಲ್ಲ ಎಂದು.

ಮಳೆಗಾಲ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಆ ದಿನ ಅಂಗಳದಲ್ಲಿ ಮೂರು ತಾಲೂಕಿನ ತಾಯಂದಿರು ನಿಂತಿದ್ದರು. ಗಿರಿಜಕ್ಕ ಮಗಳೊಂದಿಗೆ ಬಂದಿದ್ದರು. ಈಗ ನನ್ನೊಡನೆ ಮಾತಾಡುತ್ತಿದ್ದರು. ತಡೆಯಲಾಗದೆ ಹೇಳಿಕೊಂಡೆ: ಸೌಮ್ಯ ಪಾಸಾದದ್ದು ಗೊತ್ತಾಗದೆಯೇ ಅಕ್ಕ ಹೋದರು, ನಾನು ಹೇಳಲು ಹೋದರೆ ಕೇಳಲೇ ಇಲ್ಲ ಎಂದು.

ಗಿರಿಜಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು. “ಗೊತ್ತಿಲ್ದೆ ಎಂತ? ರಿಸಲ್ಟ್ ಬಂದ್ ದಿನ ಸಂಜಿಗೇ ನಾವಿಬ್ರೂ ಬಂದ್ ಹೇಳಿತ್. ಈ ಹೆಣ್ಣಿನ್ ಕೈಯಗೆ ಹಪ್ಪಳ ಒತ್ಸಿದ್ರ್, ಮಾತಾಡ್ತಾ.”

ಎಂದರೆ ನಾನು ಹೋದದ್ದು ಅದರ ಮರುದಿನ. ಒಂದೇ ಸುದ್ದಿಯನ್ನು ಅಕ್ಕನೂ ನಾನೂ ಬಚ್ಚಿಟ್ಟುಕೊಂಡು ಎದುರುಬದುರು ಕೂತಿದ್ದೆವು. ನಾನು ಹಲ್ಲು ಮುಚ್ಚಿಕೊಂಡು ತಿಂದದ್ದು ಸೌಮ್ಯ ಒತ್ತಿದ ಹಪ್ಪಳ.