ಪ್ಯೋ ಟೀಚರರ ಭವಿಷ್ಯತ್ಕಾಲ

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಪ್ಯೋ ಸುನ್ಯಂಗ್ ‘ವಾಕ್’ ಎಂಬ ಇಂಗ್ಲಿಷ್ ಕ್ರಿಯಾಪದದ ಭವಿಷ್ಯತ್ಕಾಲವನ್ನು ಹಲಗೆಯ ಮೇಲೆ ಬರೆಯುತ್ತಿದ್ದಳು. ವಿಲ್ ವಾಕ್, ನಡೆಯುವೆ. ವಿಲ್ ಬಿ ವಾಕಿಂಗ್, ಆ ಹೊತ್ತಿನಲ್ಲಿ ನಡೆಯುತ್ತಿರುವೆ. ವಿಲ್ ಹ್ಯಾವ್ ವಾಕ್ಡ್, ಅಷ್ಟರೊಳಗೆ ನಡೆದು ಮುಗಿಸಿರುವೆ. ವಿಲ್ ಹ್ಯಾವ್ ಬೀನ್ ವಾಕಿಂಗ್, ಅಲ್ಲಿಯವರೆಗೂ ನಡೆಯುತ್ತಲೇ ಬಂದಿರುವೆ.

“ವಿಲ್ ಕಂಬ ಇದ್ದಹಾಗೆ, ಅಲ್ಲಾಡಲ್ಲ. ಬದಲಾಗೋದೆಲ್ಲ ಅದರ ಹಿಂದೆ ಬರೋದು.”

ಮೋಕ್ಪೋ ಪೇಟೆಯ ಮೂರನೇ ಮಹಡಿಯ ಆ ಟ್ಯೂಷನ್ ಕೋಣೆಯಲ್ಲಿ ನಾಲ್ಕೂ ರೂಪ ಒಪ್ಪಿಸಿದವರಿಗೆ ಮಾತ್ರ ಮನೆಗೆ ಹೋಗಲು ಅಪ್ಪಣೆ. ಬಂದವರು ಶೂ ಬಿಚ್ಚಿ ಬಾಗಿಲ ಗೂಡಿನಲ್ಲಿಟ್ಟು ಒಳಗಿನ ಚಪ್ಪಲಿ ಮೆಟ್ಟಬೇಕು. ಗೂಡಿನಲ್ಲಿ ಶೂ ಇದ್ದರೆ ಮಗು ಒಳಗಿದೆ. ಹಾಜರಿಗೆ ಹೆಸರು ಕೂಗುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಆರೂವರೆಗೆ ಇಬ್ಬರು ಹುಡುಗಿಯರು, ಜೊತೆಗೆ ದುಹೋ ಎಂಬ ಹುಡುಗ ಉಳಿದಿದ್ದರು. ಮೂರನೇ ರೂಪಕ್ಕೆ ದುಹೋ ಮತ್ತೆ ಎಡವಿದ.

“ನೀನು ಕಲಿಯೋ ಹೊತ್ತಿಗೆ ನಾನು ಹಲ್ಲು ಉದುರಿಸ್ಕೊಂಡಿರ್ತೀನಿ ಕಣೋ!”

“ಟೀಚರ್, ಅದೇ ತಾನೆ ಮೂರನೇ ರೂಪ?”

ಹುಡುಗಿಯರು ಕಿಸಕ್ಕನೆ ನಕ್ಕರು. ಅವಳಿಗೂ ನಗು ತಡೆಯಲಾಗಲಿಲ್ಲ. ದುಹೋ ಶೌಚಾಲಯಕ್ಕೆ ಹೋಗಬೇಕೆಂದಾಗ ಕಳಿಸಿದಳು.

“ಏನೋ ಸುಟ್ಟ ವಾಸನೆ ಟೀಚರ್,” ಎಂದಳು ಒಬ್ಬಳು.

“ಕೆಳಗೆ ಕೋಳಿ ಕರಿಯೋರ ಎಣ್ಣೆ. ದಿನಾ ಇದ್ದಿದ್ದೇ. ಹೇಳು, ವಿಲ್ ಹ್ಯಾವ್…”

ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಕಪ್ಪು ಹೊಗೆ ನೆಲ ಸವರುತ್ತ ಬಂತು. ಅವಳು “ದುಹೋ! ದುಹೋ!” ಎಂದು ಕೂಗಿದಳು. ಶೌಚಾಲಯದ ಕಡೆಯೆಲ್ಲ ಹೊಗೆ ತುಂಬಿತ್ತು. ಹುಡುಗಿಯರ ಕೈಹಿಡಿದು ಚಪ್ಪಲಿಯಲ್ಲೇ ಓಡಿಸುವಾಗ ಗೂಡು ನೋಡಿದಳು: ಅವರಿಬ್ಬರ ಶೂಗಳ ಪಕ್ಕದಲ್ಲಿ ದುಹೋನ ನೀಲಿ ಶೂ.

ಬೀದಿಯಲ್ಲಿ ಬೆಂಕಿ ಆರಿಸುವ ದಳದ ಎಳೆಯ ಯುವಕನೊಬ್ಬ ಓಡಿಬಂದು ಕೇಳಿದ. ಅವಳು ತಡವರಿಸದೆ ಹೇಳಿದಳು. ಅವನು ಹೊಗೆಯೊಳಗೆ ನುಗ್ಗಿದ. ಮರುಗಳಿಗೆ ಎದುರಿನ ಅಂಗಡಿಯಿಂದ ಖಾರದ ಅಕ್ಕಿಕಡುಬಿನ ಲೋಟ ಹಿಡಿದು, ಒಳಗಿನ ಚಪ್ಪಲಿಯಲ್ಲೇ, ದುಹೋ ಹೊರಬಂದ. ಶೂ ಬಿಟ್ಟು ಹೋದರೆ ಟೀಚರಿಗೆ ಗೊತ್ತಾಗುವುದಿಲ್ಲವೆಂದು ಮಕ್ಕಳಿಗೆಲ್ಲ ತಿಳಿದಿತ್ತು. ಒಳಹೋದ ಯುವಕನಿಗೆ ಹಿಂದೆ ಬಾ ಎಂದು ಅವಳು ಕಿರುಚಿದಳು. ಮೇಲೆ ಏನೋ ಕುಸಿದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಯುವಕ ಬದುಕಿದ, ಆದರೆ ಮತ್ತೆ ಮೆಟ್ಟಿಲು ಹತ್ತುವಷ್ಟು ಉಸಿರು ಅವನಲ್ಲಿ ಉಳಿಯಲಿಲ್ಲ. ಸುನ್ಯಂಗ್ ಭಾನುವಾರಗಳಲ್ಲಿ ಗಂಜಿ ಒಯ್ಯುತ್ತಾಳೆ. ಅವನ ತಾಯಿ ಪಾತ್ರೆ ತೊಳೆದು ಹಿಂದಿರುಗಿಸುತ್ತಾಳೆ. ಬೆಂಕಿಯ ಆ ಸಂಜೆ ಬೀದಿಯಲ್ಲಿ ಅವನು ಟೀಚರನ್ನು ಕೇಳಿದ್ದಿಷ್ಟೇ: “ಒಳಗಿನ್ನೂ ಎಷ್ಟು ಮಕ್ಕಳಿದಾರೆ ಅಮ್ಮಾ?”

“ಒಂದು.”