ಮಗನಲ್ಲ ಎಂದು ಬರೆದುಕೊಟ್ಟದ್ದು

ನನ್ನ ಗಂಡನಿಗೆ ಇಬ್ಬರು ಅಪ್ಪಂದಿರಿದ್ದರು. ಒಬ್ಬರು ಅವನ ದೇಶದಲ್ಲಿ, ಅವನಿಗೆ ಹನ್ನೆರಡು ವರ್ಷವಾಗಿದ್ದಾಗ ತೀರಿಕೊಂಡವರು. ಇನ್ನೊಬ್ಬರು ಹನುಮಂತನಪಟ್ಟಿಯಲ್ಲಿರುವ ನನ್ನ ಸೋದರಮಾವ. ಈ ಎರಡನೆಯವರನ್ನು ನಾವು ಕಾಗದದಿಂದ ಹೇಗೆ ತೆಗೆದುಹಾಕಿದೆವು ಎಂಬುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ನನ್ನ ಗಂಡ ದ್ರಾಕ್ಷಿಯ ರೋಗಗಳನ್ನು ಓದಿದವನು. ಓಡೈಪಟ್ಟಿಯ ತೋಟಗಳಲ್ಲಿ ಎಲೆ ಯಾಕೆ ಸುಟ್ಟಂತಾಗುತ್ತದೆ ಎಂದು ನೋಡಲು ಬಂದಿದ್ದ. ನಾನು ತೇನಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ರೈತರ ಮಾತನ್ನು ಅವನಿಗೆ, ಅವನ ಮಾತನ್ನು ರೈತರಿಗೆ ದಾಟಿಸುವ ಕೆಲಸ ನನಗೆ ಬಂತು. ಮೂರನೆಯ ಕೊಯ್ಲಿನ ಹೊತ್ತಿಗೆ ಮದುವೆಯಾಗುವುದೆಂದು ತೀರ್ಮಾನಿಸಿದೆವು.

ನಮ್ಮವರು ಕನ್ನಡ ನಾಡಿನಿಂದ ತೇನಿಯ ಕಣಿವೆಗೆ ಬಂದು ಎಷ್ಟೋ ತಲೆಮಾರುಗಳಾದವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಮದುವೆಗೆ ಮಾತ್ರ ಕುಲ ಬೇಕು. ಕುಲವಿಲ್ಲದವನನ್ನು ಹಸೆಯ ಮೇಲೆ ಕೂರಿಸುವುದಿಲ್ಲ. ನನ್ನ ಅಪ್ಪ ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ದಾರಿ ಹುಡುಕಿದವರು ಮಾಮ. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡುಮಗನಿಲ್ಲ. ನಮ್ಮಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರಮಾವನ ಮಗನದು.

"ನನಗೆ ಮಗ ಇದ್ದಿದ್ರೆ ಇವ್ಳು ಹೊರಕ್ಕೆ ಹೋಗ್ತಿದ್ಲಾ?" ಎಂದು ಮಾಮ ಹಿರಿಯರ ಮುಂದೆ ಎದ್ದು ನಿಂತು ಕೇಳಿದರು. "ಈಗ ಇವನ್ನೇ ಮಗನಾಗಿ ತಗತೀನಿ. ಆಮೇಲೆ ಇವನೇ ಮೊರೆ ಮಾಪ್ಳೆ, ಹಕ್ಕಿನ ಗಂಡು. ಯಾರು ಬ್ಯಾಡ ಅಂತೀರಿ, ಯೋಳಿ."

ಹಿರಿಯರು ಒಪ್ಪಿ ದಿನ ಗೊತ್ತುಮಾಡಿದರು. ಮದುವೆಗೆ ಎಂಟು ದಿನ ಮುಂಚೆ ಕುಲದೇವರ ಗುಡಿಯಲ್ಲಿ ಆ ಶಾಸ್ತ್ರ ನಡೆಯಿತು. ಆರಡಿ ಮೀರಿದ ಅವನನ್ನು ಮಾಮ ಮತ್ತು ಅವರ ಹೆಂಡತಿಯಾದ ನನ್ನ ಅತ್ತೆಯ ನಡುವೆ ಕೂರಿಸಿದರು. ಅತ್ತೆ ಬೆಳ್ಳಿಯ ಒಳಲೆಯಲ್ಲಿ ಹಸುಗೂಸಿಗೆ ಹಾಕುವಂತೆ ಅವನ ಬಾಯಿಗೆ ಹಾಲು ಹಾಕಿದರು. ಮಾಮ ಉಡುದಾರ ಕಟ್ಟಿದರು. ಅದು ಅವನ ಸೊಂಟಕ್ಕೆ ಸಾಲದೆ ಇನ್ನೊಂದನ್ನು ಗಂಟು ಹಾಕಬೇಕಾಯಿತು.

"ಏನಮ್ಮಾ, ಇಷ್ಟು ವರ್ಷ ಬುಟ್ಟು ಹೆತ್ತೆ, ಅದೂ ಬಿಳೀ ಕೂಸು!" ಎಂದು ದೂರದ ಚಿಕ್ಕಪ್ಪ ಒಬ್ಬರು ಅತ್ತೆಯನ್ನು ಕೆಣಕಿದರು.

"ನಿಮ್ಮ ಮನೆಗೆ ಹುಟ್ಟಿದವು ಎಂಗವೆ ಅಂತ ಊರ್ಗೇ ಗೊತ್ತು, ಸುಮ್ನಿರಿ ಸಿತ್ತಪ್ಪ. ಇದಾದ್ರೂ ಕೊಟ್ಟಿದ್ದ ಕುಡೀತದೆ."

ಎಲ್ಲರೂ ನಕ್ಕರು. ಮಾಮ ನಗಲಿಲ್ಲ. ಗರ್ಭಗುಡಿಯ ಕಡೆಗೆ ತಿರುಗಿ, ಇವನು ನನ್ನ ಮಗ ಎಂದು ಮೂರು ಸಲ ಹೇಳಿದರು.

ಲಗ್ನಪತ್ರಿಕೆಯಲ್ಲಿ ವರನ ತಂದೆ ಎಂದು ಮಾಮನ ಹೆಸರನ್ನೇ ಅಚ್ಚು ಹಾಕಿಸಿದೆವು. ಮದುವೆಯ ನೋಂದಣಿಗೆ ಅರ್ಜಿ ತುಂಬಿದ ಪತ್ರಬರಹಗಾರ ಆ ಪತ್ರಿಕೆಯನ್ನು ಮುಂದಿಟ್ಟುಕೊಂಡೇ ತುಂಬಿದ. ತುಂಬಿದ ಮೇಲೆ ಸರಿಯಿದೆಯೇ ನೋಡಮ್ಮ ಎಂದು ನನ್ನ ಕಡೆಗೆ ತಿರುಗಿಸಿದ. ನಾನು ಓದಿದೆ. ಇದು ಖಂಡಿತವಾಗಿ ನೆನಪಿದೆ, ಬೆರಳಿಟ್ಟು ಸಾಲು ಸಾಲಾಗಿ ಓದಿದೆ. ವರನ ತಂದೆಯ ಜಾಗದಲ್ಲಿ ಮಾಮನ ಹೆಸರು ಕಂಡು ಸರಿಯಿದೆ ಎಂದೆ. ಮಾಮ ಸಾಕ್ಷಿಯಾಗಿ ಸಹಿ ಹಾಕಿ, ಸಂಬಂಧ ಎಂಬಲ್ಲಿ 'ತಂದೆ' ಎಂದು ತಮ್ಮ ಕೈಯಾರೆ ಬರೆದರು. ನನ್ನ ಗಂಡನಿಗೆ ತಮಿಳು ಬಾರದು. ತೋರಿಸಿದಲ್ಲಿ ಸಹಿ ಹಾಕಿದ. ಅಧಿಕಾರಿ ಅವನ ಪಾಸ್‌ಪೋರ್ಟಿನ ಹೆಸರು ಮತ್ತು ಸಂಖ್ಯೆ ನೋಡಿ ಮುದ್ರೆ ಒತ್ತಿದರು.

ಭಾರತದಲ್ಲಿರಲು ಅವನಿಗಿದ್ದ ಅನುಮತಿಯ ಅವಧಿ ಮುಗಿದು ಅವನು ತನ್ನ ದೇಶಕ್ಕೆ ಹೋದ. ನಾನು ಹೆಂಡತಿಯಾಗಿ ಅಲ್ಲಿಗೆ ಹೋಗಲು ವೀಸಾಕ್ಕೆ ಅರ್ಜಿ ಹಾಕಿದೆ. ನಾಲ್ಕು ತಿಂಗಳಿಗೆ ಚೆನ್ನೈಯ ವೀಸಾ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂತು. ಗಾಜಿನ ಆಚೆ ಕೂತಿದ್ದ ಹೆಂಗಸು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟಳು. ಒಂದು ನನ್ನ ಗಂಡನ ಜನನ ಪತ್ರ, ಇನ್ನೊಂದು ನಮ್ಮ ಮದುವೆಯ ಪತ್ರ.

"ನಿಮ್ಮ ಗಂಡನ ತಂದೆ ಬದುಕಿದ್ದಾರೆಯೇ?"

"ಇಲ್ಲ."

"ಹಾಗಾದರೆ ಇಲ್ಲಿ ಸಹಿ ಹಾಕಿದವರು?"

ನಾನು ವಿವರಿಸಿದೆ. ಕುಲ, ಮಾವನ ಮಗನ ಹಕ್ಕು, ಹಾಲು, ಉಡುದಾರ. ಅವಳು ಸೌಜನ್ಯದಿಂದಲೇ ಕೇಳಿಸಿಕೊಂಡಳು. ಕಾನೂನಿನ ದತ್ತು ಪತ್ರವಿದೆಯೇ ಎಂದಳು. ಇಲ್ಲ ಎಂದೆ. ಆರು ವಾರಗಳ ನಂತರ ಬಂದ ಪತ್ರದಲ್ಲಿ ಮೂರು ಸಾಲುಗಳಿದ್ದವು. ದಾಖಲೆಗಳಲ್ಲಿ ಸುಳ್ಳು ಮಾಹಿತಿ ಇದೆ, ಮದುವೆ ನಿಜವೆಂದು ನಂಬಲಾಗುವುದಿಲ್ಲ, ಅರ್ಜಿ ತಿರಸ್ಕೃತವಾಗಿದೆ.

ಫೋನಿನ ಪರದೆಯಲ್ಲಿ ನನ್ನ ಗಂಡ ಆ ಪತ್ರವನ್ನು ಎರಡು ಸಲ ಓದಿದ. "ಇದರಲ್ಲಿ ಕಷ್ಟವೇನಿದೆ?" ಎಂದ. "ಅವರು ನನ್ನ ತಂದೆ ಅಲ್ಲವಲ್ಲ. ಅಲ್ಲ ಎಂದು ಬರೆದುಕೊಟ್ಟರೆ ಮುಗಿಯಿತು." ಅವನ ದನಿಯಲ್ಲಿ ಕೆಡುಕಿರಲಿಲ್ಲ. ಗುಡಿಯಲ್ಲಿ ಅವನು ಬಾಯಿ ತೆರೆದು ಹಾಲು ಕುಡಿದದ್ದು ಬರೀ ಮರ್ಯಾದೆಗಾಗಿ, ನಂಬಿ ಅಲ್ಲ ಎಂದು ನನಗೆ ಆಗ ತಿಳಿಯಿತು. ಅದಕ್ಕಿಂತ ಮೊದಲೇ ತಿಳಿಯಬಹುದಾಗಿತ್ತು.

ದಿಂಡಿಗಲ್‌ನ ವಕೀಲರೊಬ್ಬರು ಇಂಥ ಕೆಲಸ ಮಾಡಿಕೊಡುತ್ತಾರೆ ಎಂದು ತಿಳಿದು, ಮಾಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಮಗಳ ಮನೆಯ ಹಸುವಿನ ಬಗ್ಗೆ. ವಕೀಲರು ಛಾಪಾ ಕಾಗದವನ್ನು ಅಚ್ಚು ಮಾಡಿಯೇ ಇಟ್ಟಿದ್ದರು. ಮಾಮ ಕನ್ನಡಕ ಒರೆಸಿಕೊಂಡು ಓದಿದರು. ತಮಿಳಿನಲ್ಲಿದ್ದ ಆ ಕಾಗದದಲ್ಲಿ ಮೂರು ಮಾತುಗಳಿದ್ದವು. ಈ ವ್ಯಕ್ತಿ ನನಗೆ ಹುಟ್ಟಿದ ಮಗನಲ್ಲ. ಮದುವೆಗೆ ಮುಂಚೆ ಗುಡಿಯಲ್ಲಿ ನಡೆದದ್ದು ಬರೀ ತೋರಿಕೆಯ ಶಾಸ್ತ್ರ, ಅದರಿಂದ ಯಾವ ಸಂಬಂಧವೂ ಉಂಟಾಗಿಲ್ಲ. ನೋಂದಣಿಯಲ್ಲಿ ತಂದೆ ಎಂದು ಬರೆದದ್ದು ತಿಳಿಯದೆ ಮಾಡಿದ ತಪ್ಪು.

"ಮೊದ್ಲುದು ಶರಿ," ಎಂದರು ಮಾಮ ನನ್ನ ಕಡೆಗೆ ತಿರುಗಿ, ಸಹಿಯ ಜಾಗದ ಮೇಲೆ ಬೆರಳಿಟ್ಟು. "ಕಡೇದಕ್ಕೂ ಕೈಯೆಳುತ್ತು ಹಾಕ್ತೀನಿ. ನಡುವ್ಲುದು ತಗೀಯಕ್ಕೆ ಯೋಳು."

ನಾನು ತಮಿಳಿನಲ್ಲಿ ಹೇಳಿದೆ. ವಕೀಲರು ತಲೆಯಾಡಿಸಿದರು. ಅದಿಲ್ಲದಿದ್ದರೆ ತಂದೆ ಎಂದು ಬರೆದದ್ದು ಏಕೆ ಎಂದು ಮತ್ತೆ ಕೇಳುತ್ತಾರೆ, ಇಡೀ ಕಾಗದ ನಿಂತಿರುವುದೇ ಅದರ ಮೇಲೆ ಎಂದರು. ಇದು ಬರೀ ಫಾರ್ಮಾಲಿಟಿ ಅಯ್ಯಾ, ಮನೆಯಲ್ಲಿ ಅವನು ನಿಮಗೆ ಮಗನೇ, ಎಂದೂ ಸೇರಿಸಿದರು.

"ದೇವ್ರ ಮುಂದೆ ಮೂರು ಸಲ ಯೋಳಿವ್ನಿ, ಮಗಾ," ಎಂದರು ಮಾಮ. ವಕೀಲರಿಗೆ ಅರ್ಥವಾಗದ ಭಾಷೆಯಲ್ಲಿ, ಬಹಳ ಮೆತ್ತಗೆ. "ಈಗ ಅದು ತೋರಿಕೆ ಅಂತ ಬರ್ದ್ರೆ, ನಿನ್ನ ಕಟ್ಟ್ಕಂಡವನು ಯಾರು?"

ಆಗ ನಾನು ಎದ್ದು ಬರಬಹುದಾಗಿತ್ತು. ಕಾನೂನಿನ ಬೇರೆ ದಾರಿ ಏನಿದೆ ಎಂದಾದರೂ ಕೇಳಬಹುದಾಗಿತ್ತು. ಹತ್ತು ತಿಂಗಳಿಂದ ನಾನು ಗಂಡನನ್ನು ಪರದೆಯ ಮೇಲಲ್ಲದೆ ನೋಡಿರಲಿಲ್ಲ. "ಹಾಕ್ಬುಡಿ ಮಾಮ," ಎಂದೆ.

ಅವರು ಹಾಕಿದರು. ಮೂರು ಪ್ರತಿಗಳು, ಪ್ರತಿ ಹಾಳೆಗೂ ಒಂದು ಸಹಿ.

ನೋಂದಣಿ ತಿದ್ದುಪಡಿಯಾಯಿತು. ಎರಡನೆಯ ಸಂದರ್ಶನದಲ್ಲಿ ಬೇರೆ ಅಧಿಕಾರಿಯಿದ್ದ. ಛಾಪಾ ಕಾಗದದ ಮೇಲಿನ ಹೆಸರಿನಡಿ ಪೆನ್ನಿಟ್ಟು, ಈ ಮನುಷ್ಯ ನಿಮ್ಮ ಗಂಡನಿಗೆ ಏನಾಗಬೇಕು ಎಂದು ಕೇಳಿದ. ಏನೂ ಆಗಬೇಕಿಲ್ಲ ಎಂದೆ. ಅವನು ಬರೆದುಕೊಂಡ. ವೀಸಾ ಬಂತು.

ಸಹಿ ಹಾಕಿದ ವಿಷಯವನ್ನು ಮಾಮ ಊರಿನಲ್ಲಿ ಯಾರಿಗೂ ತಿಳಿಸಲಿಲ್ಲ. ಆದರೆ ಆ ವರ್ಷ ಕುಲದವರೆಲ್ಲ ಗುಡಿಯಲ್ಲಿ ಸೇರಿದಾಗ ಅವರು ಒಳಗೆ ಹೋಗದೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತರಂತೆ. ಕರೆದವರಿಗೆ, "ಎರಡು ಮಾತಿನವನು ಒಳಕ್ಕೆ ಬರಬಾರ್ದು," ಎಂದರಂತೆ. ಇದನ್ನು ಅತ್ತೆ ಫೋನಿನಲ್ಲಿ ಹೇಳಿದಾಗ ನಾನು ಇಲ್ಲಿಗೆ, ಗಂಡನ ದೇಶಕ್ಕೆ, ಬಂದು ಮೂರು ವಾರವಾಗಿತ್ತು.

ಫೋನು ಇಟ್ಟೆ. ಅಡುಗೆಮನೆಯಲ್ಲಿದ್ದ ನನ್ನ ಗಂಡ, ತನಗೆ ಬರುವ ನಾಲ್ಕು ಕನ್ನಡ ಮಾತುಗಳಲ್ಲಿ, ಮಾಮನ ಬಗ್ಗೆ ಕೇಳಲೆಂದು ಕಲಿತಿದ್ದ ಒಂದನ್ನು ತಪ್ಪಿಲ್ಲದೆ ಆಡಿದ. "ಅಪ್ಪ ಚೆನ್ನಾಗವ್ರಾ?"

"ಯಾರ ಅಪ್ಪ?" ಎಂದೆ.

ತಮಾಷೆ ಎಂದುಕೊಂಡು ಅವನು ನಕ್ಕ.