‘ಇಲ್ಲ’ ಎಂದು ಬರೆಸದವಳು

ಕಳೆದ ತಿಂಗಳು ತೀರಿಕೊಂಡ ನನ್ನ ಗೆಳತಿ ಹದಿನೆಂಟು ವರ್ಷ ಬಸುರಿಯರ ಸ್ಕ್ಯಾನ್ ಮಾಡಿದಳು. ಅದೇ ಕೇಂದ್ರದಲ್ಲಿ, ಪರದೆಯ ಈಚೆ ಕೂತು, ಅವಳು ಹೇಳಿದ್ದನ್ನು ಟೈಪ್ ಮಾಡುವವಳು ನಾನು. ಹೊಟ್ಟೆಯೊಳಗಿನ ಮಗು ಸರಿಯಾದ ಮಗ್ಗುಲಿಗೆ ಬರುವ ತನಕ “ಇನ್ನೊಂದ್ಸಲ ನೋಡೋಣ, ಸ್ವಲ್ಪ ಎಡಕ್ಕೆ ತಿರುಗಮ್ಮ” ಎನ್ನುತ್ತಿದ್ದುದರಿಂದ ಎಲ್ಲರಿಗೂ ಅವಳು ಇನ್ನೊಂದ್ಸಲದ ಅಕ್ಕ. ನನಗೆ ಅವಳು ಇಟ್ಟ ಹೆಸರು ಪಂಡಿತೆ. ಊಟದ ಡಬ್ಬಿಯ ಜೊತೆ ಪುಸ್ತಕ ತರುತ್ತಿದ್ದೆನೆಂಬ ಒಂದೇ ಅಪರಾಧಕ್ಕೆ.

ವರದಿಯ ಅಡಿಯಲ್ಲಿ ಮನೆಯವರಿಗೆ ಅರ್ಥವಾಗಲೆಂದು ನಾಲ್ಕು ಸಾಲು ಆಡುಮಾತಿನಲ್ಲಿ ಬರೆಸುತ್ತಿದ್ದಳು. ಆ ಸಾಲುಗಳು ನನ್ನ ಕಣ್ಣಿಗೆ ಅಡ್ಡಾದಿಡ್ಡಿ. ತಿದ್ದಲು ಹೋದರೆ, “ಇಸ್ತ್ರಿ ಬೇಕಾದ್ರೆ ಮಾಡೇ, ಬಟ್ಟೆ ಬದಲಾಯಿಸಬೇಡ” ಎನ್ನುತ್ತಿದ್ದಳು.

ಏಳು ವರ್ಷದ ಹಿಂದೆ ನಾನು ಬಟ್ಟೆಯನ್ನೇ ಬದಲಾಯಿಸಿದೆ.

ಬಂದಿದ್ದಾಕೆ ಬಸ್ ಕಂಡಕ್ಟರ್, ಐದು ತಿಂಗಳ ಬಸುರಿ. ಮಿದುಳಿನ ಎರಡು ಹೋಳುಗಳನ್ನು ಸೇರಿಸುವ ಒಂದು ಪಟ್ಟಿ ಇರುತ್ತದೆ. ಮೂರನೇ ತಿಂಗಳು ಕಳೆಯುತ್ತಿದ್ದ ಹಾಗೆ ನರದ ಎಳೆಗಳು ಈ ಕಡೆಯಿಂದ ಆ ಕಡೆಗೆ ದಾಟಲು ತೊಡಗಿ ಅದು ಬೆಳೆಯುತ್ತದೆ. ಕೆಲವು ಮಕ್ಕಳಲ್ಲಿ ದಾಟುವುದೇ ಇಲ್ಲ. ಈ ಮಗು ತಲೆಯನ್ನು ಕೆಳಗೆ ಹುದುಗಿಸಿಕೊಂಡು ಮಲಗಿತ್ತು. ಅರ್ಧ ಗಂಟೆ ಹೆಣಗಿದ ಮೇಲೆ ಗೆಳತಿ ಹೇಳಿದಳು: “ಬರಕೋ. ಮಗು ಮಲಗಿರೋ ರೀತಿಗೆ ಆ ಪಟ್ಟಿ ನಂಗೆ ಕಾಣಲಿಲ್ಲ, ಎರಡು ವಾರ ಬಿಟ್ಟು ಇನ್ನೊಂದ್ಸಲ ನೋಡಬೇಕು.”

ಎಷ್ಟು ಎಳೆದಾಡಿದ ವಾಕ್ಯ ಎನ್ನಿಸಿತು. ಚೊಕ್ಕ ಮಾಡಿದೆ: ‘ಮಿದುಳಿನ ಪಟ್ಟಿ ಇಲ್ಲ. ಎರಡು ವಾರದ ನಂತರ ಮತ್ತೆ ಸ್ಕ್ಯಾನ್.’ ಹೊರಗೆ ಜನ ಕಿಕ್ಕಿರಿದಿದ್ದರು. ಅವಳು ಓದದೆ ಸಹಿ ಹಾಕಿದಳು. ಅವಳು ಓದದೆ ಸಹಿ ಹಾಕುತ್ತಿದ್ದುದು ನಾನು ಟೈಪ್ ಮಾಡಿದ್ದಕ್ಕೆ ಮಾತ್ರ.

ಮೂರನೆಯ ದಿನ ಬೆಳಿಗ್ಗೆ ಕಂಡಕ್ಟರಳ ಗಂಡನ ಫೋನು. “ಪಟ್ಟಿ ಇಲ್ಲ ಅಂದ್ಮೇಲೆ ಎರಡು ವಾರ ಕಾದು ಏನ್ಮಾಡೋದು ಮೇಡಂ? ತೆಗೆಸೋಕೆ ದೊಡ್ಡಾಸ್ಪತ್ರೆಗೆ ಸೇರಿಸಿದ್ದೀವಿ. ಇಲ್ಲಿ ಫಿಲ್ಮ್ ಕೇಳ್ತಿದಾರೆ, ಬರ್ತಿದೀನಿ.”

ವರದಿಯ ಪ್ರತಿ ತೆಗೆದು ಗೆಳತಿಯ ಮುಂದಿಟ್ಟೆ. ಎರಡು ಸಲ ಓದಿದಳು.

“ಇದು ನಾನು ಹೇಳಿದ್ದೇನೇ?”

ಗಂಡನಿಗೆ ತಿರುಗಿ ಫೋನು ಮಾಡಿದರೆ ಎತ್ತಲಿಲ್ಲ. ವಾರ್ಡಿನ ಫೋನು ಬಿಡುವಿಲ್ಲ. ತೋಳಿಗೆ ಜೆಲ್ ಮೆತ್ತಿಕೊಂಡಿದ್ದ ಕೋಟಿನಲ್ಲೇ ಅವಳು ಹೊರಟಳು, ಹಿಂದೆ ನಾನು. ಆಟೋ ಪ್ರತಿ ಸಿಗ್ನಲ್‌ಗೂ ನಿಂತಿತು. ಲಿಫ್ಟಿನ ಮುಂದೆ ಸಾಲು. ಮಂಡಿನೋವಿದ್ದೂ ಗೆಳತಿ ಮೂರು ಮಹಡಿ ಹತ್ತಿದಳು. ನಾನು ಮನಸ್ಸಿನಲ್ಲೇ ‘ಇಲ್ಲ’ ಎಂಬ ಆ ಎರಡಕ್ಷರವನ್ನು ಅಳಿಸುತ್ತ, ಮತ್ತೆ ಬರೆಯುತ್ತ ಹತ್ತಿದೆ.

ಕಂಡಕ್ಟರ್ ಮಂಚದ ಅಂಚಿನಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ನರ್ಸ್ ಕಾಯುತ್ತ ನಿಂತಿದ್ದಳು.

“ನುಂಗಬೇಡಮ್ಮ,” ಎಂದಳು ಗೆಳತಿ. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. “ವರದಿ ತಪ್ಪು. ಸಹಿ ನಂದು, ತಪ್ಪೂ ನಂದೇ.”

“ಅಂದ್ರೆ ಪಟ್ಟಿ ಇದೆಯಾ?”

“ಗೊತ್ತಿಲ್ಲ. ನಂಗೆ ಕಾಣಲಿಲ್ಲ.”

“ಕಾಣಲಿಲ್ಲ ಅಂದ್ರೂ ಇಲ್ಲ ಅಂದ್ರೂ ಒಂದೇ ಅಲ್ವೇನಕ್ಕಾ?” ಲೋಟವನ್ನು ಪಕ್ಕದ ಮೇಜಿಗೆ ಕುಕ್ಕಿದಳು. “ಎರಡು ದಿನ ಅತ್ತು ಮುಗಿಸಿ ಬಂದು ಕೂತಿದೀನಿ. ಈಗ ಬಂದು ಗೊತ್ತಿಲ್ಲ ಅಂತೀರಲ್ಲ!”

“ಬಸ್ಸಲ್ಲಿ ಜನ ತುಂಬಿದ್ರೆ ನಿಂಗೆ ಹಿಂದಿನ ಸೀಟು ಕಾಣತ್ತಾ?”

“ಇಲ್ಲ.”

“ಹಾಗಂತ ಬಸ್ಸಿಗೆ ಹಿಂದಿನ ಸೀಟೇ ಇಲ್ಲ ಅಂತ ಬರಕೊಡ್ತೀಯಾ?”

ನರ್ಸ್ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಕಂಡಕ್ಟರ್ ನಗಲಿಲ್ಲ. ತುಂಬ ಹೊತ್ತು ಮಾತ್ರೆಯನ್ನೇ ನೋಡಿ, ಅದನ್ನು ನರ್ಸಿನ ತಟ್ಟೆಗೆ ಹಾಕಿದಳು. “ಎರಡು ವಾರ. ಆಮೇಲೆ ನನ್ನ ಇಷ್ಟ.”

“ನಿನ್ನ ಇಷ್ಟವೇ,” ಎಂದಳು ಗೆಳತಿ.

ನಾನು ಗೋಡೆಗೆ ಒರಗಿದ್ದೆ. ಬರೆದವಳು ನಾನು ಎಂದು ಹೇಳಲು ಬಾಯಿ ತೆರೆದಾಗ ಗೆಳತಿ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಬಾಯಿ ಮುಚ್ಚಿತು. ವಾಪಸ್ ಬರುವಾಗ ಇಷ್ಟೇ ಅಂದಳು: “ಓದದೆ ಸಹಿ ಹಾಕಿದ್ದು ನಾನು ತಾನೆ, ಪಂಡಿತೆ.”

ಎರಡು ವಾರದ ಮೇಲೆ ಮಗು ಮಗ್ಗುಲು ಬದಲಿಸಿತ್ತು. ಪರದೆಯಾಚೆಯಿಂದ ಗೆಳತಿಯ ದನಿ: “ಪಟ್ಟಿಯ ಮುಂದಿನ ಭಾಗ ಇದೆ. ಹಿಂದಿನದು ಇಲ್ಲ. ‘ಇಲ್ಲ’ ಅಂತಲೇ ಬರಿ. ಈಗ ಕಂಡಿದೆ.” ಆ ಹದಿನೆಂಟು ವರ್ಷದಲ್ಲಿ ಅವಳು ಆ ಪದ ಬರೆಸಿದ್ದನ್ನು ಬೆರಳಲ್ಲಿ ಎಣಿಸಬಹುದು.

“ಹಾಗಾದ್ರೆ ಹಿಂದಿನ ಸೀಟು ನಿಜವಾಗ್ಲೂ ಇಲ್ಲ,” ಎಂದಳು ಕಂಡಕ್ಟರ್. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಇಂಥ ಮಕ್ಕಳಲ್ಲಿ ಕೆಲವರು ಎಲ್ಲರಂತೆ ಬೆಳೆಯುತ್ತಾರೆ, ಕೆಲವರಿಗೆ ನಡೆ ನುಡಿ ತಡ, ಕೆಲವರಿಗೆ ಫಿಟ್ಸ್. ಯಾರು ಹೇಗೆ ಎಂದು ಈಗಲೇ ಹೇಳಲಾಗದು ಎಂದು ಗೆಳತಿ ಮುಚ್ಚುಮರೆಯಿಲ್ಲದೆ ತಿಳಿಸಿದಳು. ಮಗುವನ್ನು ಉಳಿಸಿಕೊಂಡದ್ದು ಕಂಡಕ್ಟರಳ ನಿರ್ಧಾರ.

ಅಂದಿನಿಂದ ಗೆಳತಿ ಪ್ರತಿ ವರದಿಯನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿಯೇ ಸಹಿ ಹಾಕಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಮೊನ್ನೆ ಕಂಡಕ್ಟರ್ ಮತ್ತೆ ಬಂದಳು, ಎರಡನೆಯ ಬಸುರಿನಲ್ಲಿ. ಜೊತೆಗೆ ಆರು ವರ್ಷದ ಮಗಳು. ಬಾಗಿಲ ಬಳಿ ಚಪ್ಪಲಿಯ ಬಕಲ್ ಬಿಚ್ಚಲು ಆ ಹುಡುಗಿಗೆ ತುಂಬ ಹೊತ್ತು ಹಿಡಿಯಿತು. ತಾಯಿ ಕೈ ಹಾಕದೆ ಕಾದಳು.

“ಅಕ್ಕ ಇಲ್ವಾ?”

“ಇಲ್ಲ,” ಎಂದೆ.

ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ಬೆಂಚಿನ ಮೇಲೆ ಕುಸಿದು ಕೂತಳು. “ಎಂಥ ಹೆಂಗಸು! ತಾವೇ ತಪ್ಪು ಬರೆದು, ತಾವೇ ಓಡಿ ಬಂದ್ರು ಪಾಪ.”

“ತಪ್ಪು ಬರೆದದ್ದು ಅವಳಲ್ಲ,” ಎಂದೆ. “ನಾನು. ಅವಳು ಸರಿಯಾಗೇ ಹೇಳಿದ್ಲು.”

ನಾನು ಕಣ್ಣು ತಪ್ಪಿಸಲಿಲ್ಲ. ಅವಳು ಎದ್ದು, ಡಾಕ್ಟರು ಬರೆದ ಸ್ಕ್ಯಾನ್ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟಳು.

“ಈ ಸಲ ಹೇಳಿದ್ದನ್ನೇ ಬರೀರಿ.”